ಕೇಳುವ ಹೃದಯ



ಮೂವತ್ತು ವರ್ಷಗಳಿಗೂ ಮಿಕ್ಕಿದ ಅಧ್ಯಾಪನದಲ್ಲಿ ನಾನು ಅತಿ ಹೆಚ್ಚು ಬಾರಿ ಆಡಿದ ಮಾತು ‘ಗಮನವಿಟ್ಟು ಕೇಳಿ’ ಎಂಬುದೇ ಇರಬೇಕು. ನಾನೆಷ್ಟು ಕೇಳಿಸಿಕೊಂಡೆ ಎಂಬ ಪ್ರಶ್ನೆ ಎದುರಾದದ್ದು ಮಾತ್ರ ನಿವೃತ್ತಿಯ ನಂತರ, ಬೈಬಲ್ಲಿನ ಹಳೆಯ ಒಡಂಬಡಿಕೆಯನ್ನು ಓದುತ್ತಿದ್ದಾಗ.

ಅರಸುಗಳ ಮೊದಲನೆಯ ಗ್ರಂಥದ ಮೂರನೆಯ ಅಧ್ಯಾಯದಲ್ಲಿ, ಗಿಬ್ಯೋನಿನಲ್ಲಿ ಮಲಗಿದ್ದ ಸೊಲೊಮೋನ ರಾಜನಿಗೆ ದೇವರು ಕನಸಿನಲ್ಲಿ ಕಾಣಿಸಿಕೊಂಡು, ಬೇಕಾದುದನ್ನು ಕೇಳೆನ್ನುತ್ತಾನೆ. ರಾಜನು ಐಶ್ವರ್ಯವನ್ನಾಗಲಿ ದೀರ್ಘಾಯುಷ್ಯವನ್ನಾಗಲಿ ಬೇಡುವುದಿಲ್ಲ. ಪ್ರಜೆಗಳಿಗೆ ನ್ಯಾಯ ತೀರಿಸಲು ವಿವೇಕವನ್ನು ಬೇಡುತ್ತಾನೆ. ಮೂಲ ಹೀಬ್ರೂವಿನಲ್ಲಿ ಅಲ್ಲಿರುವ ಮಾತು ‘ಲೇವ್ ಶೊಮೇಅ’. ಎಂದರೆ ಕೇಳುವ ಹೃದಯ. ಆ ಭಾಷೆಯಲ್ಲಿ ಆಲಿಸುವುದಕ್ಕೂ ವಿಧೇಯನಾಗುವುದಕ್ಕೂ ಒಂದೇ ಧಾತು. ನಮ್ಮ ಕನ್ನಡದ ‘ಕೇಳು’ ಇನ್ನೂ ಒಂದು ಹೆಜ್ಜೆ ಮುಂದೆ: ಆಲಿಸು, ವಿಧೇಯನಾಗು, ಬೇಡು, ಪ್ರಶ್ನಿಸು, ಎಲ್ಲವೂ ಅದರಲ್ಲಿವೆ. ಸೊಲೊಮೋನನು ಕೇಳಿದ್ದು ಕೇಳುವ ಶಕ್ತಿಯನ್ನೇ!

ಒಂದು ಶಿಶುವಿಗಾಗಿ ಇಬ್ಬರು ಸ್ತ್ರೀಯರು ಕಾದಾಡಿದ ಕಥೆ ಅದರ ಬೆನ್ನಿಗೇ ಬರುತ್ತದೆ. ಖಡ್ಗದ ಮಾತು ಎಲ್ಲರಿಗೂ ನೆನಪಿದೆ. ಆದರೆ ಖಡ್ಗ ತರಿಸುವ ಮುನ್ನ ರಾಜನು ಇಬ್ಬರ ವಾದವನ್ನೂ ತನ್ನ ಬಾಯಿಂದ ಪುನಃ ಹೇಳುತ್ತಾನೆಂಬುದನ್ನು ನಾವು ಗಮನಿಸುವುದಿಲ್ಲ. ಅವನ ಮಗ ರೆಹಬ್ಬಾಮನಾದರೋ, ನೊಗವನ್ನು ಹಗುರ ಮಾಡೆಂದು ಬಂದ ಜನರೆದುರು ಹಿರಿಯರ ಸಲಹೆಯನ್ನು ಕೇಳಿದ, ಆದರೆ ಕೇಳಲಿಲ್ಲ. ಹತ್ತು ಕುಲಗಳು ಅವನ ಕೈಬಿಟ್ಟವು.

ಇದನ್ನೋದಿದಾಗ ನನಗೆ 1991ರ ಒಂದು ಬೆಳಗು ನೆನಪಾಯಿತು. ಆಗ ನಮ್ಮ ಕೆಂಚಾರ್ಲಹಳ್ಳಿ ಕೋಲಾರ ಜಿಲ್ಲೆಗೆ ಸೇರಿತ್ತು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಪಾಠದ ನಡುವೆ ನಿದ್ರಿಸಿದ. ಎಬ್ಬಿಸಿ ಗದರಿಸಿದೆ. ಅವನು ಮನೆಮಾತಾದ ತೆಲುಗಿನಲ್ಲಿ ಏನನ್ನೋ ಹೇಳತೊಡಗಿದ. ‘ಕನ್ನಡದಲ್ಲಿ ಹೇಳು’ ಎಂದೆ. ಅವನ ಮಾತು ಅಲ್ಲಿಗೇ ನಿಂತಿತು. ಬೆಂಚಿನ ಮೇಲೆ ನಿಲ್ಲಿಸಿದೆ. ಆ ವಾರದ ನಂತರ ಅವನು ಶಾಲೆಗೆ ಬರಲಿಲ್ಲ. ತಂದೆ ಹಾಸಿಗೆ ಹಿಡಿದಿದ್ದರೆಂದೂ, ನಾಲ್ಕನೆಯ ಜ್ವರ ಕಳೆದ ರೇಷ್ಮೆಹುಳುಗಳಿಗೆ ರಾತ್ರಿಯೆಲ್ಲ ಅವನೇ ಸೊಪ್ಪು ಹಾಕುತ್ತಿದ್ದನೆಂದೂ ತಿಂಗಳ ಮೇಲೆ ತಿಳಿಯಿತು. ನನಗೆ ತೆಲುಗು ಚೆನ್ನಾಗಿಯೇ ಬರುತ್ತಿತ್ತು. ಕೊರತೆಯಿದ್ದುದು ಭಾಷೆಯಲ್ಲಲ್ಲ.

ಭಾಷಾಕೌಶಲಗಳಲ್ಲಿ ಆಲಿಸುವುದೇ ಮೊದಲನೆಯದೆಂದು ಬಿ.ಎಡ್. ತರಗತಿಯಲ್ಲಿ ಕಲಿತಿದ್ದೆ. ಅದನ್ನು ಮಕ್ಕಳ ಕರ್ತವ್ಯವೆಂದು ಮಾತ್ರ ತಿಳಿದೆ. ಬೈಬಲ್ಲು ನನಗೆ ಕಲಿಸಿದ್ದು ಇದರ ಮಗ್ಗುಲನ್ನು: ಮೊದಲು ಕೇಳಬೇಕಾದವನು ಸಿಂಹಾಸನದ ಮೇಲಿರುವವನು. ದುರ್ಬಲನು ಹೇಗೂ ಕೇಳಿಯೇ ಕೇಳುತ್ತಾನೆ, ಅವನಿಗೆ ಬೇರೆ ದಾರಿಯಿಲ್ಲ. ಬಲವುಳ್ಳವನು ತಾನಾಗಿ ಕಿವಿಗೊಟ್ಟಾಗಲೇ ಅದು ವಿವೇಕವೆನಿಸುತ್ತದೆ.

ಕೇಳುವುದರಲ್ಲಿ ತ್ವರೆಯೂ ಮಾತಿನಲ್ಲಿ ನಿಧಾನವೂ ಇರಲೆಂದು ಹೊಸ ಒಡಂಬಡಿಕೆಯ ಯಾಕೋಬನ ಪತ್ರಿಕೆ ಬೋಧಿಸುತ್ತದೆ. ನಾನು ಜೀವನದ ಬಹುಭಾಗ ಇದಕ್ಕೆ ವಿರುದ್ಧವಾಗಿ ನಡೆದೆ. ನಿಮ್ಮಲ್ಲಿ ಹಲವರು ಇಂದು ಶಿಕ್ಷಕರು, ಅಧಿಕಾರಿಗಳು, ತಂದೆತಾಯಿಗಳು. ಎದುರಿಗೆ ತಲೆತಗ್ಗಿಸಿ ನಿಂತವನ ಮಾತು ಅರ್ಧಕ್ಕೆ ನಿಂತರೆ, ‘ಆಮೇಲೆ?’ ಎಂದು ಒಮ್ಮೆ ಕೇಳಿ. ನಾನು ಅಂದು ಕೇಳದೆ ಹೋದ ಮಾತು ಅದೊಂದೇ.