ಹೊಸಹಳ್ಳಿಯ ಗಮಕ, ಬಾಸ್ಟನ್ನಿನ ಬೆಂಕಿ
ನವೆಂಬರ್ ಬಂದೊಡನೆ ಶಿವಮೊಗ್ಗ, ಭದ್ರಾವತಿಯ ಆಟೊ ನಿಲ್ದಾಣಗಳಲ್ಲಿ ಹಳದಿ-ಕೆಂಪು ಬಾವುಟ ಏರಿವೆ. ಜತೆಗೆ, ಮನೆಯಲ್ಲಿ ಬೇರೆ ಮಾತಾಡುವವರು ಎಷ್ಟರಮಟ್ಟಿಗೆ ಕನ್ನಡಿಗರು ಎಂಬ ವಾರ್ಷಿಕ ಗೊಣಗಾಟವೂ ಶುರುವಾಗಿದೆ. ಮನೆಮಾತು ಒಂದೇ ಆದರೆ ವಲಸಿಗ ತಾನಾಗಿ ಬೆರೆಯುತ್ತಾನೆ ಎಂಬುದು ಇದರ ಹಿಂದಿನ ನಂಬಿಕೆ. ಹಾಗಿದ್ದರೆ ಅಮೆರಿಕಕ್ಕೆ ಹೋದ ಇಂಗ್ಲಿಷರು 1770ರಲ್ಲೇ ನ್ಯೂಯಾರ್ಕಿನಲ್ಲಿ ಸೇಂಟ್ ಜಾರ್ಜ್ ಸೊಸೈಟಿ ಕಟ್ಟಿಕೊಳ್ಳುವ ದರ್ದೇನಿತ್ತು? ನವೆಂಬರ್ 5ರ ಕ್ಯಾಥೊಲಿಕ್-ವಿರೋಧಿ ಗೈ ಫಾಕ್ಸ್ ಹಬ್ಬದ ಬೆಂಕಿಯನ್ನು ಬಾಸ್ಟನ್ನಿಗೆ ಹೊತ್ತೊಯ್ದವರೂ ಅವರ ಕಡೆಯವರೇ, 1775ರಲ್ಲಿ ವಾಷಿಂಗ್ಟನ್ ತನ್ನ ಸೈನಿಕರಿಗೆ ಆ ಆಚರಣೆ ಬೇಡವೆಂದ (ಕೆನಡಾದ ಕ್ಯಾಥೊಲಿಕರ ಸ್ನೇಹ ಬೇಕಿತ್ತಲ್ಲ!). ಅಂದರೆ ಭಾಷೆ ಒಂದೇ ಇದ್ದರೂ ಬೇರೆ ಸಂಘ ಬೇಕಾಯಿತು, ಹೊತ್ತೊಯ್ದ ಹಬ್ಬವೂ ಉಳಿಯಲಿಲ್ಲ. ಇತ್ತ ತುಂಗೆಯ ದಡದ ಹೊಸಹಳ್ಳಿ ನೋಡಿ. ಶತಮಾನಗಳ ಹಿಂದೆ ತೆಂಕಣದಿಂದ ಬಂದ ಸಂಕೇತಿಗಳ ಮನೆಮಾತು ಇಂದಿಗೂ ಸಂಕೇತಿಯೇ. ಆದರೆ ಕುಮಾರವ್ಯಾಸನ ಷಟ್ಪದಿಯನ್ನು ರಸಕ್ಕೊಂದು ರಾಗ ಹಿಡಿದು, ಪದ ಒಡೆದು, ವ್ಯಾಖ್ಯಾನಕಾರನಿಗೆ ಎಡೆಬಿಟ್ಟು ವಾಚಿಸುವ ಗಮಕಕ್ಕೆ ಆ ಊರೇ ತವರಾಯಿತು, ಅಲ್ಲಿನ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಸಂಕೇತಿಗಳಿಗೆ ಜಮೀನಿತ್ತು, ಶತಮಾನಗಳ ಸಮಯವಿತ್ತು, ಕೂಲಿಗೆ ಬಂದವರ ಮಾತೇ ಬೇರೆ ಎನ್ನಬಹುದು. ಒಪ್ಪತಕ್ಕ ಮಾತೇ. ಆದರೆ 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ತಮಿಳರು, ತೆಲುಗರು, ಮಲಯಾಳಿಗಳು ಬಂದು ಒಂದೇ ಪಾಳಿಯಲ್ಲಿ ಬೆವರಿದರು. ಅವರನ್ನು ಬೆಸೆದದ್ದು ಆ ದುಡಿಮೆ. ಈಗ ಅದೇ ಊರಿನ ಕಾಗದದ ಕಾರ್ಖಾನೆ ನಿಂತುಹೋಗಿದೆ, ಕಬ್ಬಿಣದ್ದು ಸೊರಗಿದೆ. ಊರನ್ನು ಒಟ್ಟಿಗೆ ಹಿಡಿದಿದ್ದ ಆ ಪಾಳಿಯ ಬಗ್ಗೆ ರಾಜ್ಯೋತ್ಸವದ ವೇದಿಕೆಯಲ್ಲಿ ಯಾರೂ ಅಷ್ಟಾಗಿ ಗೊಣಗುವುದಿಲ್ಲ.