ಅಂಬಾಸಿಡರಿಗೆ ಅಲಾಯ್ ಯಾಕೆ ಮಾರಾಯ್ರೇ?

ಊರಿನ ಅಜ್ಜನ ಡೀಸೆಲ್ ಅಂಬಾಸಿಡರಿಗೆ 17 ಇಂಚಿನ ಅಲಾಯ್ ಹಾಕಿಸಿ ಫೋಟೋ ತೆಗೀತೀರಲ್ಲ, ಆ ಕಾರು ಓಡಿದ್ದೆಲ್ಲಿ ಅಂತ ಗೊತ್ತುಂಟಾ? ಸುಳ್ಯದ ಅಡಿಕೆ ತೋಟಗಳ ಮುರಕಲ್ಲಿನ ದಾರಿಯಲ್ಲಿ, ಜಡಿಮಳೆಯಲ್ಲಿ, ರೋಗಿಯನ್ನು ಹಿಂದಿನ ಸೀಟಲ್ಲಿ ಮಲಗಿಸಿಕೊಂಡು ಪುತ್ತೂರಿಗೆ. ಅದರ 15 ಇಂಚಿನ ಉಕ್ಕಿನ ಡಿಸ್ಕ್, ದಪ್ಪ ಟಯರು ಶೋಕಿಗಲ್ಲ. ಹೊಂಡಕ್ಕೆ ಬಿದ್ದು ಉಕ್ಕು ಬಗ್ಗಿದರೆ ಬಡಿದು ನೇರ ಮಾಡಬಹುದು. ಅಲಾಯ್ ಬಿರುಕು ಬಿಟ್ಟರೆ ಊರಲ್ಲಿ ಮದ್ದಿಲ್ಲ.

ನಾನೂ ಹಾಕಿಸಿದವನೇ. ಕಡಬ ದಾಟಿ ಸುಬ್ರಹ್ಮಣ್ಯಕ್ಕೆ ಹೋಗುವಾಗ ಒಂದೇ ಹೊಂಡಕ್ಕೆ ಚಕ್ರ ಸೀಳಿತು. ಮನೆ ಮುಟ್ಟಿಸಿದ್ದು ಡಿಕ್ಕಿಯಲ್ಲಿದ್ದ ಹಳೆ ಸ್ಟೆಪ್ನಿ. ಅಪ್ಪ ಏನೂ ಹೇಳಲಿಲ್ಲ. ಅದೇ ಹೆಚ್ಚು ನೋವಾಯ್ತು.

ಚಂದ ಬೇಕಾದರೆ ಕ್ರೋಮ್ ವೀಲ್ ಕಪ್ ಹಾಕಿ. ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿ 2014ರಲ್ಲೇ ನಿಂತಿದೆ. ಅಲಾಯ್ ನಾಳೆಯೂ ಸಿಗ್ತದೆ. ಒರಿಜಿನಲ್ ಡಿಸ್ಕನ್ನು ಮಾತ್ರ ಕೆ.ಜಿ. ಲೆಕ್ಕದಲ್ಲಿ ಗುಜರಿಗೆ ಹಾಕಬೇಡಿ.