ಬಸ್ಸಾರಿನ ಪಲ್ಯ ಯಾರ ತಟ್ಟೆಗೆ?

ಮಂಡ್ಯ, ಹಾಸನ, ತುಮಕೂರು ಕಡೆಯವರಿಗೆ ಬಸ್ಸಾರಿನ ಕ್ರಮ ಹೇಳಿಕೊಡಬೇಕಿಲ್ಲ. ಕಾಳು, ಸೊಪ್ಪು ಬೇಯಿಸಿ ಕಟ್ಟು ಬಸಿಯುತ್ತಾರೆ. ಆ ಕಟ್ಟಿಗೆ ಖಾರ ರುಬ್ಬಿ ಹಾಕಿದರೆ ಸಾರು; ಉಳಿದ ಸೊಪ್ಪು–ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಮುದ್ದೆಯ ಪಕ್ಕದಲ್ಲಿ ಎರಡೂ ಇದ್ದರೇ ಊಟ. ಆದರೆ ಎಪ್ಪತ್ತು ದಾಟಿದ ಅಜ್ಜಿಯ ತಟ್ಟೆಯಲ್ಲಿ ಅರ್ಧ ಮುದ್ದೆ, ಅದರ ಸುತ್ತ ಸಾರು, ಅಷ್ಟೇ. ಪಲ್ಯ ಬಡಿಸಲು ಹೋದರೆ ‘ಹಲ್ಲಿಲ್ಲ ಕಣವ್ವ, ಅಗಿಯಕ್ಕಾಗಲ್ಲ’ ಎಂದು ಕೈ ಅಡ್ಡ ಇಡುತ್ತಾರೆ. ಮನೆಯವರೂ ಒತ್ತಾಯ ಮಾಡುವುದಿಲ್ಲ. ವಯಸ್ಸಾದವರು ಹಗುರವಾಗಿ ಉಂಡಷ್ಟೂ ಒಳ್ಳೆಯದು ಎಂಬುದು ನಮ್ಮ ಮನೆಗಳ ನಂಬಿಕೆ.

ಕಾಳಿನ ಪ್ರೋಟೀನಿನ ಬಹುಪಾಲು ಉಳಿದಿರುವುದು ಆ ಪಲ್ಯದಲ್ಲೇ.

ಹಿರಿಯರ ಆಹಾರ ಎಂದೊಡನೆ ನಮಗೆ ನೆನಪಾಗುವುದು ಬೇಡಗಳ ಪಟ್ಟಿ: ಸಕ್ಕರೆ ಬೇಡ, ಉಪ್ಪು ಬೇಡ, ಎಣ್ಣೆ ಬೇಡ, ರಾತ್ರಿ ಅನ್ನ ಬೇಡ. ಇವುಗಳಲ್ಲಿ ಕೆಲವು ಸರಿಯೇ. ದಿನಕ್ಕೆ 5 ಗ್ರಾಂ ಉಪ್ಪು ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾಲಿಗೆಯ ರುಚಿ ಮಂದವಾದಷ್ಟೂ ಉಪ್ಪಿನಕಾಯಿ ಬಾಟಲಿ ಹತ್ತಿರ ಸರಿಯುತ್ತದೆ ಎಂಬುದೂ ನಿಜ. ಆದರೆ ಏನನ್ನು ಕಳೆಯಬೇಕು ಎಂದು ಹೇಳುವವರು ಹತ್ತು ಮಂದಿಯಾದರೆ, ಏನನ್ನು ಸೇರಿಸಬೇಕು ಎಂದು ಹೇಳುವವರು ಒಬ್ಬರೂ ಸಿಗುವುದಿಲ್ಲ. ಇಳಿವಯಸ್ಸಿನ ಬದುಕು ಹೇಗಿರುತ್ತದೆ ಎಂಬುದನ್ನು ನಿರ್ಧರಿಸುವ ಸಂಗತಿ ಹೆಚ್ಚಾಗಿ ಈ ಸೇರಿಸುವ ಕಡೆಗೇ ಇದೆ.

ಅದು ಸ್ನಾಯು. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಶೇ 3ರಿಂದ 8ರಷ್ಟು ಸ್ನಾಯು ಕರಗುತ್ತದೆ, ಅರವತ್ತರ ನಂತರ ಇನ್ನೂ ಬೇಗ. ಈ ಸವಕಳಿಗೆ ವೈದ್ಯರು ಸಾರ್ಕೊಪೀನಿಯ ಎನ್ನುತ್ತಾರೆ. ಮನೆಯಲ್ಲಿ ಅದು ಬೇರೆ ಮಾತುಗಳಲ್ಲಿ ಕೇಳಿಸುತ್ತದೆ: ‘ತುರಿಮಣೆ ಮೇಲೆ ಕೂತರೆ ಏಳಕ್ಕಾಗಲ್ಲ’, ‘ಬಸ್ಸಿನ ಮೆಟ್ಟಿಲು ಎತ್ತರ’, ‘ಬಚ್ಚಲಲ್ಲಿ ಜಾರಿಬಿಟ್ಟೆ’. ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದ ಅನೇಕರ ಕಥೆ ಶುರುವಾಗಿರುವುದು ಎಷ್ಟೋ ವರ್ಷ ಹಿಂದೆ ತೆಳ್ಳಗಾದ ಆ ತೊಡೆಗಳಿಂದ.

ಒಂದು ಲೆಕ್ಕ ನೋಡಬಹುದು. ವಯಸ್ಸಾದವರಿಗೆ ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ ಒಂದು ಗ್ರಾಂ ಅಥವಾ ಸ್ವಲ್ಪ ಹೆಚ್ಚು ಪ್ರೋಟೀನ್ ಬೇಕು ಎನ್ನುವುದು ಈಗ ಆಹಾರತಜ್ಞರ ಸಾಮಾನ್ಯ ಸಲಹೆ. 60 ಕಿಲೋ ತೂಕದವರಿಗೆ 60 ಗ್ರಾಂ ಆಯಿತು. ಅರ್ಧ ಮುದ್ದೆ, ತಿಳಿಸಾರು, ಮಧ್ಯಾಹ್ನ ಅನ್ನ–ಮಜ್ಜಿಗೆ, ಸಂಜೆ ಕಾಫಿಗೆ ಅದ್ದಿದ ಎರಡು ರಸ್ಕು, ರಾತ್ರಿ ಗಂಜಿ ಎಲ್ಲ ಸೇರಿದರೂ ಮೂವತ್ತರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಹೊಟ್ಟೆ ತುಂಬಿರುತ್ತದೆ, ಆದ್ದರಿಂದ ಯಾರಿಗೂ ಕೊರತೆ ಕಾಣುವುದಿಲ್ಲ. ಒಂದು ಮೊಟ್ಟೆ 6 ಗ್ರಾಂ, ಒಂದು ಹಿಡಿ ಕಡಲೆಕಾಯಿ ಬೀಜ 7 ಗ್ರಾಂ, ಒಂದು ಬಟ್ಟಲು ಗಟ್ಟಿ ಬೇಳೆ ಇನ್ನೊಂದು 6–7 ಗ್ರಾಂ. ಹಲ್ಲಿಲ್ಲದಿದ್ದರೆ ಬೀಜವನ್ನೂ ಹುರಿಗಡಲೆಯನ್ನೂ ಪುಡಿ ಮಾಡಬಹುದು. ಬಸ್ಸಾರು ಮಾಡುವ ಅದೇ ಅಡುಗೆಮನೆಯಲ್ಲಿ ಬೇಳೆ, ಸೊಪ್ಪು ಎರಡನ್ನೂ ಒಟ್ಟಿಗೆ ಮಸೆಯುವ ಮಸ್ಸೊಪ್ಪೂ ಇದೆಯಲ್ಲ. ಅಲ್ಲಿ ಬಸಿಯುವುದೂ ಇಲ್ಲ, ಅಗಿಯುವುದೂ ಇಲ್ಲ. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ಈ ಲೆಕ್ಕವನ್ನು ವೈದ್ಯರ ಮುಂದಿಟ್ಟೇ ತೀರ್ಮಾನಿಸಬೇಕು.

ಇಲ್ಲಿ ರಾಗಿಯ ಅಭಿಮಾನಿಗಳು ಎದ್ದು ನಿಲ್ಲಬಹುದು. ನಿಲ್ಲಲಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ; ಯಾವ ಧಾನ್ಯವೂ ಅದರ ಹತ್ತಿರ ಬರುವುದಿಲ್ಲ. ನುಂಗುವ ಊಟವಾದ್ದರಿಂದ ಬೊಚ್ಚುಬಾಯಿಗೂ ಸಲ್ಲುತ್ತದೆ. ಆದರೆ ರಾಗಿಯೂ ಹಿಟ್ಟೇ. ಭಾರತೀಯರ ಶಕ್ತಿಯಲ್ಲಿ ಶೇ 62ರಷ್ಟು ಬರುವುದು ಅಕ್ಕಿ, ಗೋಧಿ, ಸಕ್ಕರೆಯಂಥ ಶರ್ಕರಪಿಷ್ಟ ಪದಾರ್ಥಗಳಿಂದ ಎಂದು ಐಸಿಎಂಆರ್–ಇಂಡಿಯಾಬ್ ಸಮೀಕ್ಷೆಯ 2025ರ ವರದಿ ಹೇಳಿತು. ಅದರಲ್ಲಿ ಇನ್ನೊಂದು ಕಹಿ ಮಾತೂ ಇತ್ತು: ಅಕ್ಕಿಯ ಬದಲು ಗೋಧಿಯನ್ನೋ ಸಿರಿಧಾನ್ಯವನ್ನೋ ತಂದ ಮಾತ್ರಕ್ಕೆ ಮಧುಮೇಹದ ಅಪಾಯ ಇಳಿಯುವುದಿಲ್ಲ, ಹಿಟ್ಟಿನ ಒಟ್ಟು ಪಾಲು ಇಳಿದು ಆ ಜಾಗಕ್ಕೆ ಕಾಳು, ಹಾಲಿನಂಥ ಪ್ರೋಟೀನ್ ಬಂದರೆ ಇಳಿಯುತ್ತದೆ. ‘ಶುಗರ್ ಇದೆ, ಅನ್ನ ಬಿಟ್ಟಿದ್ದೇನೆ’ ಎನ್ನುತ್ತ ನಾಲ್ಕು ಚಪಾತಿ ಮುಗಿಸುವವರು ಈ ಸಾಲನ್ನು ಎರಡು ಸಲ ಓದುವುದು ಒಳ್ಳೆಯದು. ಏಕಾದಶಿಗೆ ಅನ್ನ ತ್ಯಜಿಸಿ ಸಬ್ಬಕ್ಕಿ ಉಪ್ಪಿಟ್ಟು ತಿನ್ನುವವರೂ.

ಊಟಕ್ಕೂ ಮುಪ್ಪಿಗೂ ಇರುವ ನಂಟನ್ನು ದೊಡ್ಡ ಪ್ರಮಾಣದಲ್ಲಿ ನೋಡಿದ ಅಧ್ಯಯನ ಅಮೆರಿಕದ್ದು. ಅಲ್ಲಿನ ನರ್ಸುಗಳೂ ಸೇರಿ ಆರೋಗ್ಯ ಕ್ಷೇತ್ರದ 1.05 ಲಕ್ಷ ಮಂದಿಯ ಆಹಾರವನ್ನು 30 ವರ್ಷ ಗಮನಿಸಿ, 2025ರಲ್ಲಿ ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಲಾಯಿತು. ಎಷ್ಟು ಮಂದಿ ಬದುಕಿದರು ಎಂದಷ್ಟೇ ಅವರು ಕೇಳಲಿಲ್ಲ. ದೊಡ್ಡ ದೀರ್ಘಕಾಲೀನ ಕಾಯಿಲೆಯಿಲ್ಲದೆ, ನೆನಪು ಮಾಸದೆ, ಕೈಕಾಲು ಗಟ್ಟಿಯಾಗಿ, ಮನಸ್ಸು ಕುಗ್ಗದೆ 70 ಮುಟ್ಟಿದವರೆಷ್ಟು ಎಂದು ಕೇಳಿದರು. ಸಿಕ್ಕ ಉತ್ತರ ಶೇ 9.3. ತರಕಾರಿ, ಹಣ್ಣು, ಇಡಿಧಾನ್ಯ, ಕಾಳು, ಬೀಜಗಳನ್ನು ಚೆನ್ನಾಗಿ ತಿಂದು, ಸಂಸ್ಕರಿಸಿದ ಮಾಂಸ, ಸಿಹಿ ಪಾನೀಯ, ಉಪ್ಪನ್ನು ದೂರ ಇಟ್ಟವರಲ್ಲಿ ಈ ಸಾಧ್ಯತೆ, ತೀರಾ ಕೆಟ್ಟದಾಗಿ ಉಂಡವರಿಗಿಂತ ಶೇ 86ರಷ್ಟು ಹೆಚ್ಚಿತ್ತು. ಅವರ ಊಟ ನಮ್ಮದಲ್ಲ, ಒಳ್ಳೆಯ ಊಟ ಮಾಡುವವರು ಬೇರೆ ವಿಷಯಗಳಲ್ಲೂ ಅದೃಷ್ಟವಂತರಿರಬಹುದು ಎಂಬ ಆಕ್ಷೇಪಗಳು ನ್ಯಾಯವೇ. ಆದರೂ ಅಲ್ಲಿ ಅಳೆದದ್ದು ನಡುವಯಸ್ಸಿನಿಂದಲೂ ಉಂಡ ಊಟ. ಅಂದರೆ ಈ ಲೇಖನ ಅಪ್ಪ ಅಮ್ಮನ ಕುರಿತದ್ದು ಎಂದುಕೊಂಡು ಓದುತ್ತಿರುವ 45ರ ಮಗನ ಲೆಕ್ಕವೂ ಇದರಲ್ಲಿದೆ.

ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ 111 ವರ್ಷ ಬದುಕಿದ್ದರು, ಅವರಂತೆ ಮಿತವಾಗಿ ಉಂಡರಾಯಿತು ಎಂದು ಕೆಲವರು ವಾದಿಸುತ್ತಾರೆ. ಒಬ್ಬ ಅಪರೂಪದ ವ್ಯಕ್ತಿಯಿಂದ ಊರಿಗೆಲ್ಲ ಅನ್ವಯಿಸುವ ಸೂತ್ರ ತೆಗೆಯಲಾಗದು. ಜೊತೆಗೆ, ಮಠದಲ್ಲಿ ಹೊತ್ತುಹೊತ್ತಿಗೆ ಅಡುಗೆ ಆಗುತ್ತದೆ, ಬಡಿಸಲು ಜನ ಇರುತ್ತಾರೆ. ಮಕ್ಕಳೆಲ್ಲ ಬೆಂಗಳೂರು ಸೇರಿದ ಮೇಲೆ ಹಳ್ಳಿಯ ಮನೆಯಲ್ಲಿ ಒಬ್ಬಳೇ ಉಳಿದ ಹೆಂಗಸು ‘ಒಂದು ಹೊಟ್ಟೆಗೇನು ಒಲೆ ಹಚ್ಚೋದು’ ಎಂದು ನಿನ್ನೆಯ ಸಾರನ್ನೇ ಬಿಸಿ ಮಾಡುತ್ತಾಳೆ. ಆಕೆಗೆ ಪೌಷ್ಟಿಕತೆಯ ಪಾಠ ಹೇಳಿ ಪ್ರಯೋಜನವಿಲ್ಲ. ಜೀವಮಾನವೆಲ್ಲ ಕೊನೆಯಲ್ಲಿ ಕೂತು ಉಳಿದದ್ದನ್ನು ಉಂಡವಳು ಆಕೆ.

ಹಾಗಾಗಿ ಇದು ಅಡುಗೆಮನೆಯಲ್ಲಿ ಮುಗಿಯುವ ವಿಷಯವಲ್ಲ. ಸಂಧ್ಯಾ ಸುರಕ್ಷಾ ಪಿಂಚಣಿಯನ್ನು 2021ರಲ್ಲಿ 1,200 ರೂಪಾಯಿಗೆ ಏರಿಸಲಾಯಿತು; ದಿನಕ್ಕೆ 40 ರೂಪಾಯಿ. ಮಾತ್ರೆ, ಬಸ್ಸು, ಮೊಮ್ಮಗುವಿನ ಬಿಸ್ಕತ್ತು ಕಳೆದು ಉಳಿದದ್ದರಲ್ಲಿ ಬೇಳೆ ಕೊಳ್ಳಬೇಕು. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡುವ ದಂತಭಾಗ್ಯ ಯೋಜನೆ ರಾಜ್ಯ ರೂಪಿಸಿದ ಜಾಣ ಪೌಷ್ಟಿಕ ಯೋಜನೆಗಳಲ್ಲೊಂದು. ಯಾರೂ ಅದನ್ನು ಹಾಗೆ ಕರೆಯದಿರುವುದು ಬೇರೆ ಮಾತು. ಹಲ್ಲು ಬಂದರೆ ಪಲ್ಯ ತಟ್ಟೆಗೆ ಬರುತ್ತದೆ. ತಮಿಳುನಾಡು 1980ರ ದಶಕದಲ್ಲೇ ತನ್ನ ಮಧ್ಯಾಹ್ನದ ಊಟದ ಯೋಜನೆಗೆ ವೃದ್ಧಾಪ್ಯ ಪಿಂಚಣಿದಾರರನ್ನೂ ಸೇರಿಸಿಕೊಂಡಿತು. ಕರ್ನಾಟಕದಲ್ಲೂ ದಾರಿ ಅರ್ಧ ಸವೆದಿದೆ: 2017ರಿಂದ ಮಾತೃಪೂರ್ಣ ಯೋಜನೆಯಡಿ ಗರ್ಭಿಣಿಯರು, ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ ಸಿದ್ಧವಾಗುತ್ತದೆ. ಅದೇ ಒಲೆಯಲ್ಲಿ ಹತ್ತು ಹಿರಿಯರಿಗೆ ಹೆಚ್ಚಿಗೆ ಬೇಯಿಸಬಹುದು. ಈಗಾಗಲೇ ಕೆಲಸದ ಭಾರ ಹೊತ್ತಿರುವ ಕಾರ್ಯಕರ್ತೆಗೆ ಅದಕ್ಕೆ ತಕ್ಕ ಸಂಬಳ ಮೊದಲು ಸಿಗಬೇಕು, ಅಷ್ಟೇ.

ಈಗ ನಡೆಯುತ್ತಿರುವುದು ಬೇರೆ. ಬೆಳಿಗ್ಗೆ ಮೊಮ್ಮಗುವಿನ ಕೈ ಹಿಡಿದು ಅಜ್ಜಿ ಅಂಗನವಾಡಿಗೆ ಬರುತ್ತಾಳೆ. ಮಗುವಿಗೆ ಅಲ್ಲಿ ಊಟ, ಮೊಟ್ಟೆ ಸಿಗುತ್ತದೆ. ಅಜ್ಜಿ ಹೊಸ್ತಿಲ ಆಚೆ ಚಪ್ಪಲಿಯ ಪಕ್ಕ ಕೂತು ಕಾಯುತ್ತಾಳೆ, ಆಮೇಲೆ ಗೋಡೆಗೆ ಕೈ ಊರಿ ಎದ್ದು, ಮಗುವನ್ನು ಕರೆದುಕೊಂಡು ಮನೆಗೆ ಹೋಗಿ ಗಂಜಿ ಕಾಯಿಸುತ್ತಾಳೆ.